ಉಡಿ ತುಂಬುವ ಸಾಮಾನು

ಕೊರೊನಾದ ಎರಡನೆಯ ಅಲೆ ಬಂದ ಆ ಬೇಸಿಗೆಯಲ್ಲಿ ನಮ್ಮವ್ವ ಒಂದು ಮೈಸಾಬೂನನ್ನು ದಾರದಿಂದ ಕೊಯ್ದು ನಾಲ್ಕು ತುಂಡು ಮಾಡಿಟ್ಟಿದ್ದಳು. ನಮ್ಮದು ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಓಣಿ. ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ದಾರಕ್ಕೆ ಬರವಿಲ್ಲ. ಒಂದು ತುಂಡು ಕೈಗೆ, ಒಂದು ಮೈಗೆ, ಒಂದು ಹೊರಗಿನಿಂದ ಬಂದವರಿಗೆ, ಉಳಿದದ್ದು ಡಬ್ಬಿಯೊಳಗೆ. ಯಾರೂ ಯಾರ ಮನೆಗೂ ಹೋಗದ ಕಾಲ ಅದು. ಬಂದವರ ತುಂಡು ಕಿಟಕಿಯ ಮೇಲೆ ಕೂತು ಕೂತು ಒಣಗಿ ಬಿರುಕು ಬಿಟ್ಟಿತ್ತು. ಒಮ್ಮೆ ನಾನು ಅದನ್ನು ಮುಟ್ಟಿದ್ದಕ್ಕೆ ಬೈಗುಳ ತಿಂದೆ.

"ಅದು ಬಂದವರದ. ನೀ ಯಾವಾಗಿಂದ ಬಂದಾಕಿ ಆದಿ?" ಎಂದಳು.

ಹಾಗೆ ನೋಡಿದರೆ ನಾನು ಬಂದವಳೇ. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿಗೆ ನನ್ನನ್ನು ಕೊಟ್ಟು ಬಹಳ ವರ್ಷಗಳಾಗಿದ್ದವು. ಗಂಡನ ಮನೆಯವರು ಕುರಿ ಕಾಯ್ದುಕೊಂಡು ಬಂದ ಜನ. ನಮ್ಮಪ್ಪನೂ ಅದೇ ಪೈಕಿ. ಕಂಬಳಿ ನೇಯುವ ಮನೆಯಲ್ಲಿ ಹುಟ್ಟಿ, ಸೀರೆ ನೇಯುವ ಕೂಲಿಗೆಂದು ವಡಗಾವಿಗೆ ಬಂದು, ಇಲ್ಲೇ ಬೇರು ಬಿಟ್ಟವನು. ನನ್ನ ಗಂಡ ಖಾನಾಪುರದ ಪಶು ದವಾಖಾನೆಯಲ್ಲಿ ನೌಕರಿಯಲ್ಲಿದ್ದರು. "ನಮ್ಮ ಅಜ್ಜ ಕೋಲ ಹಿಡದು ಕುರಿ ಹಿಂದ ಓಡ್ಯಾಡಿದ, ನಾ ಸೂಜಿ ಹಿಡದು ಓಡ್ಯಾಡ್ತೀನಿ, ಇದ ನಮ್ಮ ಮನಿ ಬಡ್ತಿ" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ. ಊರವರ ಎಮ್ಮೆ, ಆಡು, ನಾಯಿಗಳ ಚಿಂತೆಯೇ ನಮ್ಮ ಮನೆಯ ತುಂಬ ಇರುತ್ತಿತ್ತು.

ಅವ್ವನಿಗೆ ಜ್ವರ ಬಂತೆಂದು ಫೋನು ಬಂದಾಗ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದೆ. ಅವ್ವ ಗಟ್ಟಿ ಹೆಂಗಸು. ಕಷಾಯ ಕುಡಿದು, ನನ್ನನ್ನು ಬೈದು, ಎದ್ದು ಕೂತಳು. ಅಷ್ಟರಲ್ಲಿ ಬಸ್ಸು ನಿಂತವು, ಅಂಗಡಿ ಮುಚ್ಚಿದವು, ಓಣಿಯ ಮಗ್ಗಗಳೂ ನಿಂತವು. ಹುಟ್ಟಿದಾಗಿನಿಂದ ಕೇಳಿದ ಆ ಸಪ್ಪಳ ಇಲ್ಲದೆ ನನಗೆ ಹಗಲಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಪಕ್ಕದ ಕಾರ್ಖಾನೆಗೆ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಬದುಕಿದವಳು. ಸುತ್ತಲು ನೂಲೂ ಇಲ್ಲದ ಮೇಲೆ ಆಕೆಗೆ ಉಳಿದ ಕೆಲಸ ಎರಡೇ: ಡಬ್ಬಿಗಳ ಮುಚ್ಚಳ ತೆಗೆದು ಏನೆಷ್ಟಿದೆ ಎಂದು ನೋಡುವುದು, ಮತ್ತೆ ಮುಚ್ಚುವುದು.

ಬೆಳಗಿನ ನಾಲ್ಕು ತಾಸು ಅಂಗಡಿ ತೆಗೆಯುತ್ತಿದ್ದರು. ಆ ನಾಲ್ಕು ತಾಸಿನಲ್ಲಿ ಇಡೀ ವಡಗಾವಿ ಒಂದೇ ಕಿರಾಣಿ ಅಂಗಡಿಯ ಮುಂದೆ ಸುಣ್ಣದ ವೃತ್ತಗಳಲ್ಲಿ ನಿಂತಿರುತ್ತಿತ್ತು. ಎಣ್ಣೆ ಇದ್ದ ದಿನ ಸಕ್ಕರೆ ಇಲ್ಲ, ಸಕ್ಕರೆ ಇದ್ದ ದಿನ ಬೇಳೆ ಇಲ್ಲ. ಚಾಪುಡಿಯಂತೂ ಯಾವಾಗ ಬಂತು, ಯಾವಾಗ ಹೋಯಿತು ಎಂದು ಗೊತ್ತೇ ಆಗುತ್ತಿರಲಿಲ್ಲ. ಸಂಜೆ ಗಂಡ ಫೋನು ಮಾಡಿದರೆ ಅಲ್ಲಿಯೂ ಅದೇ ಕತೆ.

"ಬೀಡ್ಯಾಗ ಚಾಪುಡಿ ಅನ್ನೂದು ಸಿಗವಲ್ದು ನೋಡು. ಇದ್ದದ್ದು ಬರೇ ಧೂಳ. ಬರೂ ಮುಂದ ವಡಗಾವಿ ಚಾಪುಡಿ ತಗೊಂಡ ಬಾ."

"ನಾ ಬರೂದಕ್ಕಿಂತ ಚಾಪುಡಿ ಬರೂದ ಜಾಸ್ತಿ ಆತು ನಿಮಗ."

"ಇಬ್ರೂ ಕೂಡಿ ಬರ್ರಿ. ಒಬ್ರನ್ನ ಬಿಟ್ಟು ಒಬ್ರು ಬಂದ್ರ ನಾ ಬಾಗಲಾ ತೆಗ್ಯಾಂಗಿಲ್ಲ."

ದನಕರುಗಳಿಗೆ ಲಾಕ್‌ಡೌನ್ ತಿಳಿಯುವುದಿಲ್ಲ ಎನ್ನುತ್ತ ಅವರು ಮನೆ ಮನೆ ತಿರುಗುತ್ತಲೇ ಇದ್ದರು. ಯಾವ ಕೊಟ್ಟಿಗೆಯಲ್ಲಿ ಯಾರಿಂದ ಹತ್ತಿತೋ ಯಾರಿಗೆ ಗೊತ್ತು. ಮೊದಲು ಮೈಕೈ ನೋವು ಎಂದರು. ಆಮೇಲೆ ಚಹಾದ ವಾಸನೆ ಬರುತ್ತಿಲ್ಲ ಎಂದರು, ಧೂಳಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ನಾನು ನಕ್ಕೆ. ಆಮೇಲೆ ಮೈದುನ ಅವರನ್ನು ಖಾನಾಪುರದ ದವಾಖಾನೆಗೆ ಸೇರಿಸಿದ. ಅಲ್ಲಿಂದ ಒಮ್ಮೆ ಮಾತ್ರ ಮಾತಾಡಿದರು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಎಳೆಯುತ್ತಿತ್ತು.

"ಚಾಪುಡಿ... ಸಿಕ್ತೇನು?"

"ಸಿಕ್ಕೇತ್ರಿ" ಎಂದೆ. ಸಿಕ್ಕಿರಲಿಲ್ಲ.

ಹೋಗಬೇಕು ಎಂದರೆ ವಾಹನವಿಲ್ಲ, ಕೂತಿರಬೇಕು ಎಂದರೆ ಮನಸ್ಸು ನಿಲ್ಲದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಮೈದುನನೇ ದಾರಿ ಹುಡುಕಿದ. ಬೀಡಿಯ ಒಬ್ಬ ಟೆಂಪೋದವನು ಬೆಳಗಾವಿಗೆ ಕಾಯಿಪಲ್ಲೆ ತರುತ್ತಿದ್ದ. ನಸುಕಿನಲ್ಲಿ ಬಂದು, ಅಲ್ಲಲ್ಲಿ ಇಳಿಸಿ, ಹತ್ತು ಗಂಟೆಗೆ ನಮ್ಮ ಪಕ್ಕದ ಹಿಂದವಾಡಿಯಿಂದ ಖಾಲಿ ಟ್ರೇಗಳೊಂದಿಗೆ ಹಿಂತಿರುಗುತ್ತಿದ್ದ. ಅವನಿಗೆ ಪಾಸಿತ್ತು. ಮರುದಿನ ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದ್ದ. ಅದಕ್ಕಿಂತ ಮುಂಚೆ ಹೊರಡಲು ಬೇರೆ ಉಪಾಯವಿರಲಿಲ್ಲ.

ಆ ಸಂಜೆ ಅವ್ವ ಡಬ್ಬಿಗಳನ್ನು ತೆಗೆದು ಕೂತಳು. ನಮ್ಮ ಕಡೆ ತವರಿನಿಂದ ಹೊರಟ ಮಗಳನ್ನು ಬರಿಯ ಉಡಿಯಲ್ಲಿ ಕಳಿಸುವುದಿಲ್ಲ. ಸೆರಗನ್ನು ಮಡಿಲಲ್ಲಿ ಹರವಿ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಕುಬಸದ ಖಣ ಎಲ್ಲ ಅದರಲ್ಲಿ ಹಾಕಿ, ಹಸಿರು ಬಳೆ ಇಡಿಸಿ, ಹೂ ಮುಡಿಸಿ ಕಳಿಸಬೇಕು. ಆ ಉಡಿ ಗಂಡನ ಆಯುಷ್ಯಕ್ಕೆಂದು ತುಂಬುವುದು. ತುಂಬುವವಳೂ ಮುತ್ತೈದೆಯೇ ಆಗಿರಬೇಕು. ಅಪ್ಪ ಹೋದಾಗಿನಿಂದ ಅವ್ವ ಎಂದೂ ನನ್ನ ಉಡಿಗೆ ಕೈ ಹಚ್ಚಿರಲಿಲ್ಲ. ಸಾಮಾನೆಲ್ಲ ಹೊಂದಿಸಿ ತಟ್ಟೆಯಲ್ಲಿಟ್ಟು, ಬಾಜೂ ಮನೆಯ ಮುತ್ತೈದೆ ಕಾಕೂವನ್ನು ಕರೆದು, ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಆ ಬಾಗಿಲ ಹಿಂದೆ ಆಕೆಯ ಸೀರೆಯ ಅಂಚು ಕಾಣುತ್ತಿತ್ತು.

ಈಗ ಕಾಕೂವಿನ ಮನೆಯ ಬಾಗಿಲಿಗೆ ಸೀಲ್‌ಡೌನಿನ ಪಟ್ಟಿ ಬಡಿದಿದ್ದರು. ಒಳಗೆ ಮೂವರಿಗೂ ಜ್ವರ. ಡಬ್ಬಿಯಲ್ಲಿ ಅಕ್ಕಿ ಬಿಟ್ಟರೆ ಒಂದೆರಡು ಅಡಿಕೆ.

"ಇರ್ಲಿ ಬಿಡು" ಎಂದಳು ಅವ್ವ. "ಒಂದೀಟ ಅಕ್ಕಿ, ಒಂದ ಅಡಿಕಿ ಕಟಗೊಂಡ ಹೋಗು. ಕಾಲ ಹಂಗ ಬಂದೇತಿ. ದೇವ್ರಿಗೂ ಗೊತ್ತೈತಿ."

ದೇವರಿಗೆ ಏನಾದರೂ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ನನಗೆ ಬಾಯಿಗೆ ಬಂತು. ಆದರೆ ಅವ್ವ ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ದೊಡ್ಡದು ಎಂದು ಸುಮ್ಮನಾದೆ.

ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ನನ್ನ ಫೋನು ಬಡಿಯಿತು. ಅವ್ವ ಎತ್ತಿಕೊಂಡದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಚ್ಚಲಿನಿಂದಲೇ ಕೂಗಿದೆ, "ಯಾರವ್ವಾ?"

"ನಿನ್ನ ಮೈದುನ."

"ಏನಂದ?"

"ಹಂಗ ಅದಾರಂತ. ನೀ ಮೈ ತೊಳಕೋ."

ಹೊರಗೆ ಬಂದಾಗ ಅವ್ವ ಚಪ್ಪಲಿ ಮೆಟ್ಟಿ, ಮಾಸ್ಕು ಕಟ್ಟಿಕೊಂಡು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಫೋನು ಆಕೆಯ ಸೊಂಟದಲ್ಲಿತ್ತು.

"ನಡಿ. ಉಡಿ ಸಾಮಾನ ತರೂಣು."

"ನಿನ್ನಿ ಬ್ಯಾಡ ಅಂದಿದ್ದಿ?"

"ನಿನ್ನಿ ಅಂದಿದ್ನಿ. ಈಗ ಬೇಕು ಅಂತೀನಿ. ಎಲ್ಲಾ ಬೇಕು. ಒಂದೂ ಬಿಡಂಗಿಲ್ಲ."

ನನಗೆ ಕೋಪ ಬಂತು. ನಾನು ಕೋಪದವಳೇ, ನನ್ನ ಗಂಡ ನನ್ನ ಮೂಗಿನ ಮೇಲೆ ಯಾವಾಗಲೂ ಒಂದು ಕೆಂಡ ಇರುತ್ತದೆ ಎನ್ನುತ್ತಿದ್ದರು. ಅಲ್ಲಿ ಮನುಷ್ಯ ಉಸಿರಿಗೆ ಒದ್ದಾಡುತ್ತಿದ್ದಾನೆ, ಇಲ್ಲಿ ಈಕೆಗೆ ಉತ್ತತ್ತಿ ಬೇಕು. ಆದರೆ ಟೆಂಪೋ ಹೊರಡುವುದು ಹತ್ತಕ್ಕೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ನಡೆಯುವುದೇ ಮೇಲು ಎಂದು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಅವ್ವ ಬಾಗಿಲು ಹಾಕುವ ಮುನ್ನ ಒಳಗೆ ಹೋಗಿ ಟ್ರಂಕಿನಿಂದ ಒಂದು ಖಣ ತಂದಳು. ಹಸಿರು ಖಣ, ಕೆಂಪು ಅಂಚು, ಮಡಿಕೆ ಬಿಚ್ಚದೆ ಇಟ್ಟಲ್ಲೇ ಗೆರೆ ಬಿದ್ದಿತ್ತು. ಅದು ಆಕೆಯ ಕೊನೆಯ ಉಡಿಯಲ್ಲಿ ಬಂದದ್ದು, ಹೊಲಿಸುವ ಮೊದಲೇ ಅಪ್ಪ ಹೋಗಿದ್ದ. ಅದನ್ನು ಆಕೆ ಯಾರಿಗೂ ಕೊಟ್ಟಿರಲಿಲ್ಲ.

"ಇದ್ಯಾಕವ್ವಾ, ಇದು ನಿಂದು."

"ಖಣದ ಅಂಗಡಿ ತಗದಾರೇನು ಈಗ? ಸುಮ್ನ ನಡಿ."

ಕಿರಾಣಿ ಅಂಗಡಿಯ ಮುಂದೆ ಸಾಲು ಮೂಲೆ ತಿರುಗಿತ್ತು. ಅವ್ವ ಎಂದೂ ಸಾಲು ಮುರಿದವಳಲ್ಲ. ನೀರಿನ ನಳದ ಮುಂದೆ ಸಾಲು ಮುರಿದವರ ಕೊಡವನ್ನು ಒದ್ದ ಹೆಂಗಸು. ಅಂದು ನೇರ ಮುಂದೆ ಹೋಗಿ ಅಂಗಡಿಗೆ ಅಡ್ಡ ಕಟ್ಟಿದ್ದ ಹಗ್ಗ ಹಿಡಿದು ನಿಂತಳು. ಹಿಂದಿನಿಂದ ಕನ್ನಡ ಮರಾಠಿ ಎರಡರಲ್ಲೂ ಬೈಗುಳ ಬಂದವು. ಆಕೆ ತಿರುಗಿ ಕೂಡ ನೋಡಲಿಲ್ಲ.

"ಅಣ್ಣಾ, ಮಗಳ್ನ ಗಂಡನ ಮನಿಗಿ ಕಳಸ್ತೀನಿ. ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲ ಕೊಡು."

"ಅವ್ವಾರ, ಜನಕ್ಕ ಬ್ಯಾಳಿ ಸಿಗವಲ್ದು, ಉತ್ತತ್ತಿ ಎಲ್ಲಿಂದ ತರ್ಲಿ?" ಎಂದ ಅಂಗಡಿಯವನು. ಆಮೇಲೆ ಅವ್ವನ ಮುಖದಲ್ಲಿ ಏನು ಕಂಡನೋ, ಒಳಗೆ ಹೋದ. ಯಾವುದೋ ಬರಣಿಯ ತಳದಿಂದ ಐದು ಉತ್ತತ್ತಿ, ಎರಡು ಅರಿಷಿಣ ಬೇರು ಕಾಗದದಲ್ಲಿ ಕಟ್ಟಿ ತಂದ. ಕೊಬ್ಬರಿ ಮಾತ್ರ ಇಲ್ಲ ಎಂದ.

"ಚಾಪುಡಿ?" ಎಂದು ಕೇಳಿದೆ. ಸಿಗುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ್ದು. ಆತ ಕಟ್ಟೆಯ ಕೆಳಗಿನಿಂದ ಒಂದು ಪುಡಿಕೆ ತೆಗೆದುಕೊಟ್ಟ. ತನ್ನ ಮನೆಗೆಂದು ಎತ್ತಿಟ್ಟುಕೊಂಡದ್ದು ಎಂದ.

ಆ ಪುಡಿಕೆಯನ್ನು ಎದೆಗೆ ಹಿಡಿದುಕೊಂಡಾಗ ನನ್ನ ಕೋಪ ಎಲ್ಲಿ ಹೋಯಿತೋ. ಸಿಗದ ಚಾಪುಡಿ ಸಿಕ್ಕಿತಲ್ಲ. ನಾನು ಫೋನಿನಲ್ಲಿ ಹೇಳಿದ ಸುಳ್ಳು ನಿಜವಾಯಿತಲ್ಲ. ಅಲ್ಲಿಂದ ಮುಂದೆ ನನ್ನ ತಲೆಯೊಳಗೆ ಒಂದು ಹುಚ್ಚು ಹರಕೆ ಹತ್ತಿಕೊಂಡಿತು. ಉಡಿಯ ಸಾಮಾನು ಒಂದೂ ಬಿಡದೆ ಸಿಕ್ಕರೆ ಅವರು ಬದುಕುತ್ತಾರೆ. ಉತ್ತತ್ತಿ ಸಿಕ್ಕಿತು, ಉಸಿರು ಸ್ವಲ್ಪ ಹಗುರಾಗಿರಬೇಕು. ಅರಿಷಿಣ ಸಿಕ್ಕಿತು, ಕಣ್ಣು ತೆರೆದಿರಬೇಕು. ನಿನ್ನೆಯವರೆಗೆ ಅವ್ವನ ಶಾಸ್ತ್ರಕ್ಕೆ ಮೂಗು ಮುರಿಯುತ್ತಿದ್ದವಳು ಈಗ ಆಕೆಗಿಂತ ಮುಂದೆ ಮುಂದೆ ಓಡುತ್ತಿದ್ದೆ.

ಬಳೆಗಾರನ ಅಂಗಡಿಗೆ ಶಟರು. ಬಳೆ ಯಾವ ಸರ್ಕಾರದ ಲೆಕ್ಕದಲ್ಲೂ ಜೀವನಾವಶ್ಯಕ ಅಲ್ಲ. ಅವ್ವ ಹಿಂದಿನ ಓಣಿಗೆ ಸುತ್ತು ಹಾಕಿ ಅವನ ಮನೆಯ ಹಿತ್ತಿಲ ಬಾಗಿಲು ಬಡಿದಳು. ನನ್ನ ಬಾಣಂತನ ಮಾಡುವ ಭಾಗ್ಯ ಅವ್ವನಿಗೆ ಬರಲಿಲ್ಲ, ಆದರೆ ನನ್ನ ಮದುವೆಯ ಬಳೆ ಇಟ್ಟವನು ಇದೇ ಬಳೆಗಾರ. ಅರ್ಧ ಬಾಗಿಲು ತೆಗೆದು, ಮೂಗಿನ ಮೇಲೆ ಟವೆಲ್ ಹಿಡಿದುಕೊಂಡು ನೋಡಿದ.

"ಹಸರ ಬಳಿ ಬೇಕಣ್ಣಾ. ಎರಡೂ ಕೈ ತುಂಬ."

"ಕೊಡ್ತೀನಿ ತಂಗಿ. ಆದ್ರ ಕೈ ಹಿಡಿಯಾಂಗಿಲ್ಲ. ಮನ್ಯಾಗ ಸಣ್ಣ ಕೂಸ ಐತಿ."

ಹೆಣ್ಣುಮಕ್ಕಳ ಕೈ ಹಿಡಿದು, ಬೆರಳು ಒತ್ತಿ, ಮಾತಾಡಿಸುತ್ತ ನೋವು ತಿಳಿಯದ ಹಾಗೆ ಬಳೆ ಏರಿಸುವುದೇ ಅವನ ಕಸುಬು. ಆ ಮನುಷ್ಯ ಬಳೆಯ ಕಟ್ಟನ್ನು ಮೆಟ್ಟಿಲ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಕಣ್ಣಲ್ಲಿ ನೀರಿತ್ತು. ಅವ್ವ ಸೆರಗಿನ ಗಂಟಿನಿಂದ ಸಾಬೂನಿನ ತುಂಡು ತೆಗೆದಳು. ಅದು ಕಿಟಕಿಯ ಮೇಲಿನ, ಬಂದವರ ಸಾಬೂನು. ಅವನ ಹಿತ್ತಿಲ ನಳದಲ್ಲಿ ನನ್ನ ಕೈ ತೋಯಿಸಿ, ನೊರೆ ಮಾಡಿ, ಒಂದೊಂದೇ ಬಳೆ ಏರಿಸತೊಡಗಿದಳು. ಆಕೆಗೆ ಆ ಕೆಲಸ ಬರುವುದಿಲ್ಲ. ಗೆಣ್ಣು ಕೆಂಪಾಗಿ ಊದಿತು.

"ಸಾಕವ್ವಾ, ಇಷ್ಟ ಸಾಕು."

"ಇನ್ನೊಂದ. ಇದೊಂದ."

ಎರಡೂ ಕೈ ಮೊಣಕೈವರೆಗೆ ತುಂಬಿದವು. ಮದುವೆಯಲ್ಲೂ ಅಷ್ಟು ಇಟ್ಟಿರಲಿಲ್ಲ. ಅವ್ವ ನನ್ನ ಕೈಗಳನ್ನು ಹಿಡಿದು ಬಹಳ ಹೊತ್ತು ನೋಡಿದಳು. ಹೊತ್ತಾಗುತ್ತದೆ ಎಂದು ನಾನು ಎಳೆದುಕೊಂಡೆ.

ಉಳಿದದ್ದು ಕೊಬ್ಬರಿ ಮತ್ತು ಹೂವು. ಹೂವು ಎಂದಾಗ ನನಗೆ ತಡೆಯಲಾಗಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ ಅಂದಂಗಾತು" ಎಂದೆ. ಅವ್ವ ಬೇರೆ ದಿನವಾಗಿದ್ದರೆ ಇದಕ್ಕೆ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಅಂದು ನೇರ ಹಿಂದವಾಡಿಯ ಕಡೆ ನಡೆದಳು.

ಅಲ್ಲಿ ನಾವು ಬಾಯಾರು ಎನ್ನುತ್ತಿದ್ದ ದೊಡ್ಡ ಮನೆತನದ ಹೆಂಗಸೊಬ್ಬರ ಮನೆ ಇತ್ತು. ಎಷ್ಟೋ ವರ್ಷಗಳಿಂದ ಅವ್ವ ಅವರಿಗೆ ಓಣಿಯ ಸೀರೆ ಒಯ್ದು ಕೊಡುತ್ತಿದ್ದಳು. ಅವರ ಕಂಪೌಂಡಿನ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿದ್ದು ನನಗೂ ನೆನಪಿತ್ತು. ದಾರಿಯಲ್ಲಿ ಒಬ್ಬ ಪೊಲೀಸ್ ಲಾಠಿ ಅಡ್ಡ ಹಿಡಿದ. "ಎಲ್ಲಿಗಿ ಹೊಂಟೀರಿ?" ಅವ್ವ ನನ್ನ ಬಳೆಯ ಕೈಯನ್ನು ಎತ್ತಿ ತೋರಿಸಿದಳು. "ಮಗಳ್ನ ಗಂಡನ ಮನಿಗಿ ಕಳಸಾಕ ಹೊಂಟೀನ್ರಿ ಸಾಹೇಬ್ರ." ಆತ ಲಾಠಿ ಕೆಳಗಿಳಿಸಿದ.

ಬಾಯಾರು ಮೇಲಿನ ಗ್ಯಾಲರಿಗೆ ಬಂದು ನಿಂತರು. ವಯಸ್ಸಾಗಿತ್ತು, ಹಣೆಯ ತುಂಬ ಕುಂಕುಮ ಇತ್ತು. ಅವ್ವ ಕೆಳಗಿನಿಂದ ಕೂಗಿ ಹೇಳಿದಳು. ಅವರು ಒಳಗೆ ಹೋಗಿ, ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಎರಡು ಕೊಬ್ಬರಿ ಬಟ್ಟಲು, ಬಾಳೆಹಣ್ಣು, ಒಂದು ಪುಟ್ಟ ಕುಂಕುಮದ ಪೊಟ್ಟಣ ಇಳಿಸಿದರು. ಹೂವನ್ನು ನೀವೇ ಹರಿದುಕೊಳ್ಳಿ ಎಂದರು. ಎಲ್ಲವೂ ಸಿಕ್ಕಿತು. ಒಂದೂ ಬಿಡದೆ ಸಿಕ್ಕಿತು. ಕಂಪೌಂಡಿಗೆ ಆತು ನಿಂತು ಮೊಗ್ಗು ಹರಿಯುತ್ತ ನಾನು ಅತ್ತೆ. ಅದು ಸಂತೋಷದ ಅಳು. ನನ್ನ ಗಂಡ ಬದುಕಿದರು ಎಂದು ನನಗೆ ಆ ಗಳಿಗೆಯಲ್ಲಿ ಖಾತ್ರಿಯಾಗಿತ್ತು.

ಮೂಲೆಯಲ್ಲಿ ಟೆಂಪೋ ಬಂದು ನಿಂತಿತ್ತು. ಚಾಲಕ ಟ್ರೇಗಳನ್ನು ಜೋಡಿಸುತ್ತಿದ್ದ. ಅವ್ವ ಮತ್ತೆ ಮೇಲೆ ನೋಡಿದಳು.

"ಬಾಯಾರ, ಒಂದ್ ಸ್ವಲ್ಪ ಕೆಳಗ ಬರ್ತೀರೇನ್ರಿ? ನೀವು ಮುತ್ತೈದಿ ಅದೀರಿ. ಉಡಿ ತುಂಬಿಬಿಡ್ರಿ."

ಅವರು ಗ್ಯಾಲರಿಯ ಕಂಬಿ ಹಿಡಿದು ಕೆಳಗೆ ಬಾಗಿದರು. "ತಪ್ಪ ತಿಳ್ಕೋಬ್ಯಾಡವಾ. ನಮ್ಮ ಮನಿಯವ್ರಿಗೆ ಖರೇನ ಉಸರಿಂದ ತ್ರಾಸ ಅದ. ನಾ ಕೆಳಗ ಬರೂ ಹಂಗಿಲ್ಲ" ಎಂದರು. ಅವರನ್ನು ನಾನು ದೂರುವುದಿಲ್ಲ. ಅವರೂ ತಮ್ಮ ಗಂಡನ ಆಯುಷ್ಯವನ್ನೇ ಕಾಯುತ್ತಿದ್ದರು.

ಅವ್ವ ಒಂದು ಟ್ರೇಯನ್ನು ಬೋರಲು ಹಾಕಿ, "ಕುಂದರು" ಎಂದಳು. ರಸ್ತೆಯ ಬದಿಗೆ, ಟೊಮೆಟೊ ವಾಸನೆಯ ನಡುವೆ, ಪೂರ್ವಕ್ಕೆ ಮುಖ ಮಾಡಿ ಕೂತೆ. ಯಾರಾದರೂ ಹೆಂಗಸು ಆ ದಾರಿಯಲ್ಲಿ ಬರಬಹುದು ಎಂದುಕೊಂಡಿದ್ದೆ. ಅವ್ವ ತಾನೇ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಅಕ್ಕಿ ತೆಗೆದಳು.

ನಾನು ಆಕೆಯ ಕೈ ಹಿಡಿದುಕೊಂಡೆ. "ಅವ್ವಾ, ನೀ ಬ್ಯಾಡ. ನೀ ತುಂಬಬಾರ್ದು."

"ಸೆರಗ ಹಿಡಿ."

"ಅವ್ವಾ, ಕೇಳಿಲ್ಲಿ, ಅವ್ರಿಗೆ ಏನಾರ ಆದ್ರ..."

"ಸೆರಗ ಹಿಡಿ ಅಂದ್ನೆಲ್ಲಾ."

ಹಿಡಿದೆ. ಅವ್ವ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕೊಬ್ಬರಿ ಇಟ್ಟಳು, ಉತ್ತತ್ತಿ ಇಟ್ಟಳು, ಅರಿಷಿಣ, ಅಡಿಕೆ, ಬಾಳೆಹಣ್ಣು, ಎಲ್ಲದರ ಮೇಲೆ ತನ್ನ ಖಣ. ಹಣೆಗೆ ಕುಂಕುಮ ಹಚ್ಚುವಾಗ ಒಂದಿಷ್ಟು ಮೂಗಿನ ಮೇಲೆ ಉದುರಿತು. ಮಲ್ಲಿಗೆ ಮೊಗ್ಗುಗಳನ್ನು ಕಟ್ಟಲು ಹೊತ್ತಿರಲಿಲ್ಲ, ಜಡೆಯ ಸಂದಿಯಲ್ಲಿ ಒಂದೊಂದಾಗಿ ಸಿಕ್ಕಿಸಿದಳು. ಉಡಿ ತುಂಬಿದ ಮೇಲೆ ಒಂದು ಮಾತು ಹೇಳಬೇಕು: ಗಂಡನಿಗೆ ನೂರು ವರ್ಷ ಆಯುಷ್ಯ ಬರಲಿ, ಮುತ್ತೈದೆಯಾಗಿ ಬಾಳು. ಆಕೆ ಹೇಳಲಿಲ್ಲ.

"ಅನ್ನವ್ವಾ ಅದನ್ನ" ಎಂದೆ.

"ಬಾಯಿ ಒಣಗೇತಿ" ಎಂದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ತಣ್ಣಗಿರು ಯವ್ವಾ" ಎಂದಳು. ಅಷ್ಟೇ. ಟೆಂಪೋದವನು ಅಷ್ಟೂ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದ.

ಕೊಬ್ಬರಿ ಬಟ್ಟಲು ದೊಡ್ಡವಿದ್ದವು, ಸೆರಗಿಗೆ ಗಂಟು ಕೂಡಲಿಲ್ಲ. ಖಾನಾಪುರದವರೆಗೂ ಎರಡೂ ಕೈಯಿಂದ ಉಡಿ ಹಿಡಿದುಕೊಂಡೇ ಕೂತೆ. ಫೋನು ಅವ್ವನ ಸೊಂಟದಲ್ಲೇ ಉಳಿದಿದೆ ಎಂದು ಊರು ದಾಟಿದ ಮೇಲೆ ನೆನಪಾಯಿತು. ಟೆಂಪೋದವನು ಬೀಡಿಯ ತುಂಬ ಬಾಯಿಬಡುಕ ಎಂದು ಹೆಸರಾದವನು. ಅಂದು ತುಟಿ ಬಿಚ್ಚಲಿಲ್ಲ. ನಾನೇ ಮಾತಾಡಿದೆ. ಚಾಪುಡಿ ಸಿಕ್ಕಿದ್ದು ಹೇಳಿದೆ, ಬಳೆಗಾರನನ್ನು ಎಬ್ಬಿಸಿದ್ದು ಹೇಳಿದೆ. ಅವರು ಮನೆಗೆ ಬಂದ ಮೇಲೆ ನೀನೂ ಚಹಾಕ್ಕೆ ಬಾ ಅಣ್ಣಾ ಎಂದು ಕರೆದೆ. ಆತ ಗೇರು ಬದಲಿಸಿದ.

ದವಾಖಾನೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಮೈದುನ ನಿಂತಿದ್ದ. ನಾನು ಇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಬಳೆ ನೋಡಿದ, ಹೂ ನೋಡಿದ, ತುಂಬಿದ ಉಡಿ ನೋಡಿದ. ಅಲ್ಲೇ ನೆಲಕ್ಕೆ ಕುಸಿದು ಕೂತ.

"ವೈನಿ... ಇದೇನ್ರಿ ಇದು? ನಸಿಕಿನ್ಯಾಗನ ಹೋದ್ನೆಲ್ರಿ ಅಣ್ಣ. ನಾ ಫೋನ್ ಮಾಡಿ ನಿಮ್ಮವ್ವಾರಿಗೆ ಹೇಳಿದ್ನೆಲ್ಲಾ."

ನಾನು ಬಚ್ಚಲಿನಲ್ಲಿದ್ದಾಗ ಬಂದ ಫೋನು ಅದು. ಕಿರಾಣಿ ಅಂಗಡಿಗೂ ಮುಂಚೆ, ಬಳೆಗೂ ಮುಂಚೆ ಅವರು ಹೋಗಿಯಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲಿಂದಲೇ ಸುಡಲು ಒಯ್ದರು, ತನಗೂ ದೂರದಿಂದ ಕಾಲು ಮಾತ್ರ ತೋರಿಸಿದರು ಎಂದು ಮೈದುನ ಹೇಳುತ್ತಿದ್ದ. ಎದೆ ಬಡಿದುಕೊಳ್ಳಬೇಕು, ಬಾಯಿಗೆ ಸೆರಗು ಒತ್ತಬೇಕು, ನೆಲಕ್ಕೆ ಬೀಳಬೇಕು. ನನಗೆ ಒಂದನ್ನೂ ಮಾಡಲಾಗಲಿಲ್ಲ. ಎರಡೂ ಕೈಯಲ್ಲಿ ಉಡಿ ಇತ್ತು. ಬಿಟ್ಟರೆ ಎಲ್ಲ ಆ ಗೇಟಿನ ಮುಂದೆ ಚೆಲ್ಲುತ್ತಿತ್ತು. ಕಣ್ಣೀರು ಒರೆಸಿಕೊಳ್ಳಲೂ ಕೈಯಿಲ್ಲದೆ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಗಂಡನಿಲ್ಲದ ಊರಿನ ರಸ್ತೆಯಲ್ಲಿ ನಿಂತಿದ್ದೆ.

ಬೀಡಿಯಲ್ಲಿ ಯಾರೂ ಹತ್ತಿರ ಬರಲಿಲ್ಲ. ಬಳೆ ಒಡೆಯಲು ಬರಬೇಕಾದ ಮುದುಕಿಯರೂ ರೋಗಕ್ಕೆ ಹೆದರಿ ಮನೆಯಲ್ಲೇ ಉಳಿದರು. ಅದೊಂದು ಪುಣ್ಯ. ಸಾಬೂನು ಹಚ್ಚಿಕೊಂಡು ನಾನೇ ಒಂದೊಂದಾಗಿ ತೆಗೆದೆ, ಒಂದೂ ಒಡೆಯಲಿಲ್ಲ. ಉಡಿಯ ಅಕ್ಕಿಯನ್ನು ಬೇಯಿಸಿ ತಿಂದೆವು, ಮನೆಯಲ್ಲಿ ಬೇರೆ ಅಕ್ಕಿ ಇರಲಿಲ್ಲ. ಚಾಪುಡಿಯ ಪುಡಿಕೆಯನ್ನು ಮಾತ್ರ ಮುಟ್ಟಲಿಲ್ಲ. ಬರಿಯ ಬಿಸಿನೀರು ಕುಡಿದುಕೊಂಡೇ ಇದ್ದೆ.

ಅವ್ವನ ಮೇಲಿನ ಸಿಟ್ಟು ಹೇಳತೀರದ್ದು. ಸತ್ತವನ ಹೆಂಡತಿಗೆ ಬಳೆ ಇಡಿಸಿ, ಊರ ಮುಂದೆ ನನ್ನನ್ನು ನಗೆಪಾಟಲು ಮಾಡಿದಳು ಎಂದುಕೊಂಡೆ. ಅವ್ವ ಮೈದುನನ ಫೋನಿಗೆ ಮಾಡಿದಾಗಲೆಲ್ಲ ಮಲಗಿದ್ದೇನೆ ಎಂದು ಹೇಳಿಸಿದೆ.

ಬಸ್ಸು ಶುರುವಾದೊಡನೆ ಅವ್ವ ಬಂದಳು. ಬಂದವಳೇ ಕೈಕಾಲು ತೊಳೆದು, ಯಾರೂ ಹೇಳದೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸಲು ಕೂತಳು. ನಾನು ಕಂಬಕ್ಕೆ ಆತು ನಿಂತು, ಅಷ್ಟು ದಿನ ಬಾಯಲ್ಲಿಟ್ಟುಕೊಂಡದ್ದನ್ನು ಕೇಳಿದೆ.

"ಗೊತ್ತಿದ್ದೂ ಯಾಕ ತುಂಬಿದಿ?"

ಆಕೆ ಮೊರದ ಅಕ್ಕಿಯನ್ನು ಬೆರಳಿನಿಂದ ಹರವಿದಳು.

"ನಿಮ್ಮಪ್ಪ ಹೋದಾಗ ನಾ ಕಂಡಿಕಿ ಸುತ್ಕೋತ ಕುಂತಿದ್ನಿ. ಹಂಗ ಎಬ್ಬಿಸಿ ಒಯ್ದು ಬಳಿ ಒಡದ್ರು. ಖಣ ಉಳೀತು, ಆದ್ರ ಹಿಂದಿನ ಉಡಿ ಯಾವಾಗ ತುಂಬಿದ್ರು, ಯಾರ ತುಂಬಿದ್ರು, ಎಷ್ಟ ನೆನಸಿದ್ರೂ ನೆನಪಾಗಲಿಲ್ಲ ನನಗ. ಅದ ಕಡೀದು ಅಂತ ಗೊತ್ತಿದ್ರ ಒಂದೀಟ ನೋಡಿ ಇಟಗೊಂಡಿರ್ತಿದ್ನಿ."

ಒಂದು ಹರಳು ಆರಿಸಿ ಎಸೆದಳು.

"ಅಂವನ್ನ ಉಳಸಾಕ ನನ್ನ ಕೈಯಾಗ ಆಗ್ಲಿಲ್ಲ. ಮುಖಾ ತೋರಸಾಕೂ ಆಗ್ತಿದ್ದಿಲ್ಲ. ಟೆಂಪೋ ಹತ್ತಕ್ಕನ ಬಿಡೂದು. ನೀ ಖಾನಾಪುರದಾಗ ಇಳಿಯೂತನಕಾ ನಿನಗ ಗಂಡ ಇದ್ದ. ಇಡೀ ಬೆಳಗಾವ್ಯಾಗ ಎಲ್ಲಾ ಮುಗದಿತ್ತು, ನನ್ನ ಹತ್ರ ಆ ಹೊತ್ತ ಒಂದ ಇತ್ತು. ಅದನ್ನ ಕೊಟ್ನಿ."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿಯುತ್ತಿದ್ದಾಗ ಗೂಡಿನಿಂದ ಆ ಪುಡಿಕೆ ತೆಗೆದು, ದಾರ ಬಿಚ್ಚಿದೆ. ಇಬ್ಬರೂ ಕೂಡಿ ಬರ್ರಿ ಎಂದಿದ್ದರು ಅವರು. ನಾನೂ ಚಾಪುಡಿಯೂ ಕೂಡಿಯೇ ಬಂದಿದ್ದೆವು.